ಉಯಿಲಿನಲ್ಲಿದ್ದ ಒಂದು ಪದ

ಅಂದು ಬೆಳಿಗ್ಗೆಯೂ ಮಗಳನ್ನು ಶಾಲೆಗೆ ಬಿಟ್ಟು, ಪುಸ್ತಕ ಹಿಂತಿರುಗಿಸಲು ಅಮೆರಿಕದ ನಮ್ಮೂರು ಇಸ್ಸಾಕ್ವಾದ ಲೈಬ್ರರಿಗೆ ಹೋಗಿದ್ದೆ. ಅಲ್ಲಿನ ಕಪ್ಪುವರ್ಣೀಯ ಲೈಬ್ರರಿಯನ್ ಪ್ರತಿ ಪುಸ್ತಕದ ರಟ್ಟನ್ನೂ ಅಂಗೈಯಿಂದ ಸವರಿ, “ನಿಧಾನವಾಗಿ ಓದಿ” ಎಂದು ಕೊಡುತ್ತಿದ್ದರು. ಆ ದಿನ ಅವರು ಕೊಟ್ಟದ್ದು ಅಮೆರಿಕವನ್ನು ಬ್ರಿಟಿಷರು ಆಳುತ್ತಿದ್ದ ಕಾಲದ, ಅಲ್ಲಿನ ಉತ್ತರ ಭಾಗದ ಮ್ಯಾಸಚೂಸೆಟ್ಸ್ ವಸಾಹತಿನ ಉಯಿಲೊಂದರ ನಕಲು. ಆಸ್ತಿಯ ಪಟ್ಟಿಯಲ್ಲಿ ಹಸು, ಬೆಳ್ಳಿ ಚಮಚಗಳ ಕೆಳಗೆ ‘ಸರ್ವೆಂಟ್’ ಎಂದು ಅವರ ಪೂರ್ವಜೆಯ ಹೆಸರಿತ್ತು; ಅವರೇ ಬೆರಳಿಟ್ಟು ತೋರಿಸಿದರು.

“ಸದ್ಯ, ಕೆಲಸದವರಾಗಿದ್ರು, ಗುಲಾಮರಲ್ವಲ್ಲ!” ಎಂದುಬಿಟ್ಟೆ, ಸಮಾಧಾನ ಹೇಳುವವಳಂತೆ.

“ನಿಧಾನವಾಗಿ ಓದಿ. ಯಜಮಾನ ಆಕೆಯನ್ನು ತನ್ನ ಮಗನಿಗೆ ಬರೆದುಕೊಟ್ಟಿದ್ದಾನೆ,” ಎಂದು ಅವರು ಹಾಳೆಯನ್ನು ಮಡಿಚಿಕೊಂಡರು. ಮುಂದೆಂದೂ ಅದನ್ನು ನನಗೆ ತೋರಿಸಲಿಲ್ಲ. ಅಂದು ಕ್ಷಮೆ ಕೇಳದೆಯೇ, ತಂದಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಬಂದೆ.

ಅಂದು ಸಂಜೆ ಪಕ್ಕದ ಮನೆಯ ಹುಬ್ಬಳ್ಳಿಯವರಿಗೆ ಇದನ್ನು ಹೇಳಿದೆ. ಮೆಂತ್ಯ ಸೊಪ್ಪು ಸೋಸುತ್ತಲೇ ಅವರು ನಕ್ಕರು: “ಅಮೆರಿಕದ ಉತ್ತರದಾಗ ಗುಲಾಮರೆಲ್ಲಿದ್ರು ಬಿಡ್ರಿ? ಯುದ್ಧ ಮಾಡಿ ಅವರನ್ನ ಬಿಡಿಸಿದವರೇ ಉತ್ತರದ ಮಂದಿ ಅಲ್ಲೇನ್ರಿ?”

“ಆ ಉಯಿಲೂ ಉತ್ತರದ್ದೇ,” ಎಂದೆ.