ಸೇಟ್ರು ಮೆಂಬರಾದ ಮೇಲೆ

ಸೇಟ್ರ ಬಲಗೈ ತೋರುಬೆರಳು ಸುಮ್ಮನೆ ಕೂತಾಗಲೂ ನಡುಗುತ್ತಿತ್ತು. ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಶೀನನ್ನು ಮೂವತ್ತು ವರ್ಷ ಹಿಡಿದ ಬೆರಳು ಅದು. ರಾಜಸ್ಥಾನದಿಂದ ಬಂದು ಶಿಕಾರಿಪುರದಲ್ಲಿ ಯಾರದೋ ಅಂಗಡಿಯಲ್ಲಿ ಕೆಲಸಕ್ಕಿದ್ದವರು, ಆಮೇಲೆ ಆನವಟ್ಟಿ ರಸ್ತೆಯ ನಮ್ಮ ಊರಿನಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟರು. ಕನ್ನಡ ಅಕ್ಷರ ಕಲಿತದ್ದೇ ಮದುಮಕ್ಕಳ ಹೆಸರು ಕೊರೆದು. ನನ್ನ ಮದುವೆಗೆ ಅತ್ತೆ ಕೊಂಡ ಕೊಡದ ಮೇಲೆ ನನ್ನ ಹೆಸರಿನ ಒತ್ತಕ್ಷರವನ್ನೇ ಬಿಟ್ಟಿದ್ದರು. ಜಗಳಕ್ಕೆ ಹೋದರೆ ಬೇರೆ ಕೊಡ ಕೊಟ್ಟು, ತಪ್ಪಿದ್ದನ್ನು ತಮ್ಮ ಮನೆಗೆ ಇಟ್ಟುಕೊಂಡರು. ಅವರ ಹೆಂಡತಿ ನನ್ನ ಹೆಸರಿನ ಕೊಡ ಹಿಡಿದು ನಲ್ಲಿಗೆ ಬಂದಾಗಲೆಲ್ಲ ಕೇರಿ ನಗುತ್ತಿತ್ತು.

ನಮ್ಮ ಕೇರಿ ಇದ್ದದ್ದು ಕೆರೆಯ ಅಂಚಿನಲ್ಲಿ. ಹನ್ನೊಂದು ಮನೆ, ಯಾರಿಗೂ ಹಕ್ಕುಪತ್ರವಿರಲಿಲ್ಲ. ಪಂಚಾಯಿತಿ ಚುನಾವಣೆ ಬಂದಾಗ ಸೇಟ್ರನ್ನು ನಾವೇ ನಿಲ್ಲಿಸಿದೆವು. ಹೊರಗಿನವನು ಎಂದು ಎದುರಿನವರು ಆಡಿಕೊಂಡರು. ಇವರು ಮನೆಮನೆಗೆ ಹೋಗಿ, ಹೆಂಗಸರನ್ನು ಹೆಸರು ಹಿಡಿದು ಮಾತಾಡಿಸಿ, ಗೆದ್ದರು. ಮೊದಲ ವಾರವೇ ನನ್ನ ಕೈಲಿ ಅರ್ಜಿ ಬರೆಸಿದರು, ಕೇರಿಯಲ್ಲಿ ಬಿ.ಎ. ಓದಿದವಳು ನಾನೊಬ್ಬಳೇ. ಅಂಗಡಿಗೆ ಬಾಗಿಲು ಹಾಕಿ ಕಚೇರಿಯಿಂದ ಕಚೇರಿಗೆ ಅಲೆದರು. ಸರ್ವೆ ಆಗಲಿ ಎಂದರು ಒಬ್ಬರು, ಮೇಲಿಂದ ಬರಲಿ ಎಂದರು ಇನ್ನೊಬ್ಬರು. "ಇನ್ನೊಂದು ಬರಿ ತಂಗಿ, ಈ ಸಲ ಇನ್ನೂ ಚಂದ ಬರಿ" ಎಂದು ಪ್ರತಿಸಲವೂ ಬಂದು ಕೂರುತ್ತಿದ್ದರು.

ಸರ್ವೆ ಆಯಿತು. ನಮ್ಮ ಮನೆಗಳೆಲ್ಲ ಕೆರೆ ಅಂಗಳದೊಳಗೆ ಬಂದವು.

ಜೆಸಿಬಿ ಬಂದ ಬೆಳಿಗ್ಗೆ ಸೇಟ್ರು ಇಸ್ತ್ರಿ ಅಂಗಿ ತೊಟ್ಟು, ಅರ್ಜಿಗಳ ನಕಲು ಹಿಡಿದು ಎದುರು ನಿಂತರು. ತಾನು ಮೆಂಬರು ಎಂದು ಹೇಳಿದರು. ಅಧಿಕಾರಿ ಬೈಯಲಿಲ್ಲ. ಕಾಗದಗಳನ್ನು ಪೂರ್ತಿ ಓದಿ, ಮಡಚಿ ವಾಪಸ್ಸು ಕೊಟ್ಟ. "ನಂಗೂ ಆರ್ಡರ್ ಬಂದಿದೆ ರೀ, ನಾನೇನ್ ಮಾಡ್ಲಿ? ಸ್ವಲ್ಪ ಸರೀರಿ."

ಸೇಟ್ರು ಸರಿದರು. ಅದನ್ನು ಕೇರಿ ಕ್ಷಮಿಸಲಿಲ್ಲ. "ಊರು ಬಿಟ್ ಬಂದೋರಿಗೆ ಮನೆ ಹೋಗೋ ಸಂಕಟ ಏನ್ ಗೊತ್ತು" ಎಂದರು ನಮ್ಮತ್ತೆ, ಅವರಿಗೆ ಕೇಳುವಂತೆಯೇ. ಆ ಸಂಜೆ ಸೇಟ್ರು ಅಂಗಡಿಯ ಹಿಂದಿನ ಗೋದಾಮು ಖಾಲಿ ಮಾಡಿಸಿ ನಮಗೆ ಬಿಟ್ಟುಕೊಟ್ಟರು. ಎರಡು ವರ್ಷ ಅಲ್ಲೇ ಇದ್ದೆವು. ಅತ್ತೆ ಅವರೊಡನೆ ಒಂದು ಮಾತೂ ಆಡಲಿಲ್ಲ.

ಮತ್ತೆ ಅವರು ಚುನಾವಣೆಗೆ ನಿಲ್ಲಲಿಲ್ಲ. ಕಳೆದ ವರ್ಷ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಹತ್ತಿರ ಕರೆದರು.

"ತಂಗಿ, ನಿಜ ಹೇಳು. ಅರ್ಜಿ ಒಳಗೆ ಏನಾದ್ರೂ ತಪ್ಪಿತ್ತಾ?"

ಇರಲಿಲ್ಲ ಅಂದೆ.

"ಮತ್ತೆ ಯಾಕೆ ಆಗ್ಲಿಲ್ಲ?"

ನೀರು ಬೇಕೇ ಎಂದು ಕೇಳಿದೆ. ಬೇಡವೆಂದು ಗೋಡೆ ಕಡೆ ಹೊರಳಿದರು. ನಾಲ್ಕನೆಯ ದಿನ ತೀರಿಕೊಂಡರು.

ಹೌದು ಸೇಟ್ರೇ, ನಾನೇ ತಪ್ಪು ಬರೆದಿದ್ದೆ ಎಂದು ಒಂದು ಸುಳ್ಳಾದರೂ ಹೇಳಬೇಕಿತ್ತು.