ಗಂಟಿಲ್ಲದ ಕುಂಚಿಗಿ

ನಮ್ಮ ಆಯಿ, ಅಂದರೆ ಅವ್ವನ ಅವ್ವ, ಕಸೂತಿಯನ್ನು ಮುಂದಿನಿಂದ ನೋಡುತ್ತಲೇ ಇರಲಿಲ್ಲ. ಬಟ್ಟೆ ಕೈಗೆ ಬಂದೊಡನೆ ತಿರುವಿ ಹಿಂಬದಿ ನೋಡುವಾಕೆ. ಅಲ್ಲೊಂದು ಗಂಟು ಕಂಡಿತೋ, "ಇದೇನ ಬೇ, ಗೋಣಿಚೀಲ ಹೊಲದೀ?" ಎಂದು ಎಳೆಯನ್ನೆಲ್ಲ ಬಿಚ್ಚಿಸುತ್ತಿದ್ದಳು. ಕಸೂತಿಗೆ ಗಂಟು ಹಾಕಬಾರದು, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಿದರೆ ಹಿಂದೆ ಮುಂದೆ ಒಂದೇ ಆಗುತ್ತದೆ. ಹದಿಮೂರನೇ ವರ್ಷಕ್ಕೇ ನನಗದು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಸೊಕ್ಕು ಬಂದಿತ್ತು.

ಎಪ್ಪತ್ತರ ದಶಕದ ಮಾತು. ಬಬಲೇಶ್ವರಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ತಿಕೋಟಾದ ನಮ್ಮ ಮನೆಗೆ ಬಂದಿದ್ದಳು. ಗಂಡು ಕೂಸು. ಐದನೇ ತಿಂಗಳಲ್ಲಿ ಕೂಸನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವಾಗ ತವರಿನವರು ಕುಂಚಿಗಿ ಹೊಲಿದು ತೊಡಿಸಬೇಕು. ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಕೂಸಿನ ಟೊಪ್ಪಿಗೆ ಅದು. "ನಾ ಹೊಲೀತೀನಿ" ಅಂದೆ. ಆಯಿಯ ಹಳೇ ಇಳಕಲ್ ಸೀರೆಯ ಕಪ್ಪು ಒಡಲು, ಅದರ ಮೇಲೆ ಕೆಂಪು, ಹಸಿರು, ಹಳದಿ ರೇಷ್ಮೆ ಎಳೆ. ಬೆನ್ನಿಗೆ ಗೋಪುರ, ಬದಿಗೆ ನವಿಲು, ಅಂಚಿನುದ್ದಕ್ಕೂ ಮುರಗಿ ಎಂಬ ಅಂಕುಡೊಂಕು ಹೊಲಿಗೆಯ ಮೆಟ್ಟಿಲು. ಇಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ನಮ್ಮ ಓಣಿಯಲ್ಲಿ ಎಲ್ಲರೂ ಖಾಲಾ ಎಂದು ಕರೆಯುತ್ತಿದ್ದ ಮುಸಲ್ಮಾನರ ಹೆಂಗಸೊಬ್ಬಳು ಮದುವೆ ಬಟ್ಟೆಗಳಿಗೆ ಜರಿ, ಮಣಿ ಕೂಡಿಸುತ್ತಿದ್ದಳು. ಅದನ್ನು ನೋಡಿ ನನಗೂ ಮಣಿ ಬೇಕೆನಿಸಿತು. ಕೇಳಿದ್ದಕ್ಕೆ ಖಾಲಾ ಬಿಜಾಪುರದ ಪೇಟೆಯಿಂದ ತಂದಿದ್ದ ಗಾಜಿನ ಮಣಿ ಒಂದು ಹಿಡಿ ಕೊಟ್ಟಳು. ಒಂದೊಂದೂ ಜೋಳದ ಕಾಳಿನಷ್ಟು.

"ಬೇಟಿ, ಮಣಿಗೆ ಒಂದೊಂದಕ್ಕೂ ಗಂಟ ಹಾಕಬೇಕು. ಗಾಜು ದಾರಾ ಕೊಯ್ತೈತಿ. ಒಂದ ಕಡೆ ಹರೀತಂದ್ರ ಸಾಲೆಲ್ಲಾ ಉದರತೈತಿ" ಅಂದಳು.

ತಲೆಯಾಡಿಸಿದೆ. ಮನೆಗೆ ಬಂದು ಒಂದೂ ಗಂಟು ಹಾಕಲಿಲ್ಲ. ಆಯಿ ತಿರುವಿ ನೋಡುತ್ತಾಳಲ್ಲ! ನವಿಲಿನ ಕಣ್ಣಿಗೆ, ಅಂಚಿನ ಮೆಟ್ಟಿಲಿಗೆ ಮಣಿ ಕೂಡಿಸಿ, ದಾರದ ತುದಿಯನ್ನು ಹಿಂದಿನ ಎಳೆಗಳಲ್ಲಿ ಜಾಣತನದಿಂದ ಅಡಗಿಸಿದೆ. ಆಯಿ ತಿರುವಿದಳು, ಬೆರಳಾಡಿಸಿದಳು, "ಅಡ್ಡಿಯಿಲ್ಲ" ಅಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಹೊರಡುವ ದಿನ ಅಪ್ಪ ತೊಟ್ಟಿಲನ್ನು ಬಸ್ಸಿನ ಮೇಲೆ ಕಟ್ಟಿಸಿ ಮುಂದೆ ಕೂತ. ಕೂಸು ನನ್ನ ತೊಡೆಯ ಮೇಲಿತ್ತು, ಅಕ್ಕ ಪಕ್ಕದಲ್ಲಿ ತೂಕಡಿಸುತ್ತಿದ್ದಳು. ಕೂಸಿಗೆ ಹಲ್ಲಿನ ಒಸಡು ಕಡಿಯುವ ಕಾಲ. ಕುಂಚಿಗಿಯ ಅಂಚನ್ನು ಬಾಯಿಗೆ ತುರುಕಿ ಜಗಿಯುತ್ತಿತ್ತು. ನಾನು ಕಿಡಕಿಯ ಹೊರಗೆ ನೋಡುತ್ತಿದ್ದೆ. ದೂರದಲ್ಲಿ ಗೋಳಗುಮ್ಮಟ ಕಂಡಾಗ ಕೂಸಿಗೆ ತೋರಿಸೋಣವೆಂದು ತಿರುಗಿಸಿದರೆ ಅಂಚಿನ ಒಂದು ಮೆಟ್ಟಿಲು ಬೋಳಾಗಿತ್ತು. ಅಲ್ಲಿ ಐದು ಮಣಿ ಇರಬೇಕು. ನಾಲ್ಕು ನನ್ನ ಲಂಗದ ನೆರಿಗೆಯಲ್ಲಿ ಸಿಕ್ಕವು. ಐದನೆಯದು ಇಲ್ಲ.

ಹಿಂದಿನ ವರ್ಷ ನಮ್ಮ ಓಣಿಯ ಕೂಸೊಂದು ಹುರಿದ ಪುಟಾಣಿ ಕಾಳು ಗಂಟಲಿಗೆ ಸಿಕ್ಕು ನೀಲಿಯಾಗಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ಬಾಯೊಳಗೆ ಬೆರಳು ಹಾಕಹೋದರೆ ಕೂಸು ಒಸಡು ಬಿಗಿಹಿಡಿಯಿತು. "ಅಕ್ಕಾ" ಅಂದೆ.

ಅವಳು ಕಣ್ಣು ತೆರೆದಳು. "ಏನ ಬೇ?"

"ಏನಿಲ್ಲ, ಬಿಜಾಪುರ ಬಂತು."

ಆ "ಏನಿಲ್ಲ" ನನ್ನ ಬಾಯಿಂದ ಹೇಗೆ ಬಂತೋ ಇಂದಿಗೂ ತಿಳಿಯದು. ಒಮ್ಮೆ ಬಂದದ್ದನ್ನು ಹಿಂದಕ್ಕೆ ನುಂಗಲಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಕೂಸನ್ನು ಎತ್ತಿಕೊಂಡು ಹಾಲು ಕುಡಿಸಲು ಗೋಡೆಯ ಕಡೆ ಮುಖ ಮಾಡಿ ಕೂತಳು. ಎದ್ದಾಗ "ಶಕಿ ಭಾಳ ಐತಿ" ಎಂದು ಕುಂಚಿಗಿ ಬಿಚ್ಚಿ ಚೀಲಕ್ಕೆ ಹಾಕಿದಳು. ಬಬಲೇಶ್ವರದ ಬಸ್ಸಿನಲ್ಲಿ ಕೂಸನ್ನು ತಾನೇ ಹಿಡಿದುಕೊಂಡಳು. ಅದು ಒಂದು ಸಲ ಬಿಕ್ಕಿದರೂ ನಾನು ಬಾಗಿ ಅದರ ತುಟಿಯ ಬಣ್ಣ ನೋಡುತ್ತಿದ್ದೆ.

ಅಲ್ಲಿ ಅಕ್ಕನ ಅತ್ತೆ ಕುಂಚಿಗಿಯನ್ನು ತಿರುವಿ ನೋಡಿ ಓಣಿಯ ಹೆಂಗಸರನ್ನೆಲ್ಲ ಕರೆದಳು. "ಒಂದರ ಗಂಟ ಐತೇನ ನೋಡ್ರಿ! ಈ ಗಿಡ್ಡಿ ಹೊಲದಾಳ!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಯಾರೂ ಕಳ್ಳಿ ಅಂದಿರಲಿಲ್ಲ, ಆದರೂ ನಾಲ್ಕು ಮಣಿ ಹಿಡಿದಿದ್ದ ಮುಷ್ಟಿಯನ್ನು ಬೆನ್ನ ಹಿಂದೆ ಮರೆಮಾಡಿದೆ.

ಅಪ್ಪ ಊರಿಗೆ ಹೋದ. ಅಕ್ಕನ ಜೊತೆಗಿರಲೆಂದು ನನ್ನನ್ನು ಬಿಟ್ಟಿದ್ದರು. ಮೂರು ದಿನ ಕೂಸಿನ ಹೊಲಸು ಬಟ್ಟೆಗಳನ್ನು ನಾನೇ ಒಗೆದೆ. ಹಿತ್ತಲ ಕಲ್ಲಿನ ಮೇಲೆ ಹರವಿ, ನೀರು ಬಿಟ್ಟು, ಬೆರಳಿನಿಂದ ಇಂಚಿಂಚೂ ಒತ್ತಿ ನೋಡುತ್ತಿದ್ದೆ. "ಮನ್ಯಾಗ ಉಂಡ ತಾಟ ಎತ್ತತಿರಲಿಲ್ಲಂತ, ಇಲ್ಲೇನ ಶಾಣ್ಯಾ ಆಗ್ಯಾಳ!" ಎಂದು ಅತ್ತೆ ನಗುತ್ತಿದ್ದಳು. ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಖಾಲಾ ಹೋಗುತ್ತಿದ್ದ ದರ್ಗಾದಲ್ಲಿ ಸಕ್ಕರೆ ಓದಿಸಿ ಹಂಚುತ್ತೇನೆಂದೂ ಬೇಡಿಕೊಂಡೆ. ಮಣಿ ಸಿಗಲಿಲ್ಲ. ಕೂಸು ಸತ್ತೀತೆಂಬ ಭಯ ಒಂದು ಕಡೆ, ಹೇಳಬೇಕಲ್ಲ ಎಂಬ ಭಯ ಇನ್ನೊಂದು ಕಡೆ. ನಾಚಿಕೆಯ ಮಾತೆಂದರೆ ಎರಡನೆಯದೇ ದೊಡ್ಡದಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹಿತ್ತಲಿಗೆ ಬಂದಳು.

"ಏನ ಹುಡುಕಾಕತ್ತಿ?"

ಅಳು ಒತ್ತರಿಸಿ ಬಂತು. "ಮಣಿ" ಅಂದೆ.

ಅಕ್ಕ ಸೆರಗಿನ ತುದಿಯ ಗಂಟು ಬಿಚ್ಚಿದಳು. ಕೆಂಪು ಮಣಿ ಕಲ್ಲಿನ ಮೇಲೆ ಬಿದ್ದು ಉರುಳಿತು.

"ಬಸ್‌ಸ್ಟ್ಯಾಂಡಿನ್ಯಾಗ ಇದರ ಬಾಯಾಗಿಂದ ನಾನ ತಗದೇನಿ. ಇವತ್ತ ಹೇಳತಿ, ನಾಳೆ ಹೇಳತಿ ಅಂತ ದಾರಿ ನೋಡಿದೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಳಗಿಂದ ಸೂಜಿ, ಕರಿ ದಾರ, ಕುಂಚಿಗಿ ತಂದು ನನ್ನ ಮುಂದಿಟ್ಟಳು. ಉಳಿದ ಮಣಿಗಳನ್ನೆಲ್ಲ ಬಿಚ್ಚಿ, ಆ ಐದನ್ನೂ ಸೇರಿಸಿ ಒಂದೊಂದಕ್ಕೂ ಎರಡೆರಡು ಗಂಟು ಹಾಕಿದೆ. ಹಿಂಬದಿಯ ಬಣ್ಣದ ಎಳೆಗಳಿಗೆ ಕರಿ ಇರುವೆ ಹತ್ತಿದ ಹಾಗೆ ಕಾಣುತ್ತಿತ್ತು. ಮಧ್ಯಾಹ್ನದವರೆಗೆ ಅಕ್ಕ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕೂತಿದ್ದಳು. ಕೊನೆಯ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಕೂಸಿಗೆ ನಾನೇ ತೊಡಿಸೋಣವೆಂದು ಅದನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದೆ.

ಅಕ್ಕ ಕುಂಚಿಗಿಯನ್ನಷ್ಟೇ ತೆಗೆದುಕೊಂಡಳು.