ನೆಲದ ಸಮಕ್ಕೆ ಇಳಿದ ಹೊಸ್ತಿಲು

ನನ್ನ ಬಲಗೈ ಈಗ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಅಂಗಿ ತೊಡುವಾಗ ಮೊದಲು ಬಲಗೈ ತೂರಿಸಿ ಆಮೇಲೆ ಎಡಗೈ ಹಾಕುತ್ತೇನೆ. ಬೆಳಿಗ್ಗೆ ಎದ್ದಾಗ ಬೆರಳ ತುದಿಗಳು ಜೋಮು ಹಿಡಿದಿರುತ್ತವೆ. ಕಾಫಿ ಲೋಟದ ಬಿಸಿ ಕೈಗೆ ತಿಳಿಯಲು ಸ್ವಲ್ಪ ಹೊತ್ತು ಬೇಕು. ಗೋಡೆ ಕೊರೆಯುವ ಮಿಷನ್ನನ್ನು ಇಷ್ಟು ವರ್ಷ ಎದೆಗೆ ಒತ್ತಿಕೊಂಡವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ಕೆಲಸ ಕಡಿಮೆ ಮಾಡಿ ಎಂದೂ ಹೇಳಿದರು. ತಲೆಯಾಡಿಸಿ ಎದ್ದು ಬಂದೆ. ಮರುದಿನ ಶಿಡ್ಲಘಟ್ಟದಲ್ಲಿ ಕೆಲಸ ಒಪ್ಪಿಕೊಂಡಿದ್ದೆ.

ನನ್ನದು ಉಕ್ಕಿನ ಬಾಗಿಲ ಚೌಕಟ್ಟು ಕೂರಿಸುವ ಕೆಲಸ. ಚಿಕ್ಕಬಳ್ಳಾಪುರದಲ್ಲಿ ಸಣ್ಣದೊಂದು ಶೆಡ್ಡಿದೆ. ಒಳ್ಳೆಯ ಮರ ಸಿಗುವುದು ಕಷ್ಟವಾಗಿ, ಸಿಕ್ಕಿದ್ದಕ್ಕೂ ಗೆದ್ದಲು ಹತ್ತತೊಡಗಿದ ಮೇಲೆ ಜನ ಉಕ್ಕಿನ ಕಡೆ ತಿರುಗಿದರು. ಚೌಕಟ್ಟು ಎಲ್ಲ ಕಡೆಯೂ ಒಂದೇ. ಗೋಡೆಗಳು ಮಾತ್ರ ಬೇರೆ ಬೇರೆ. ಚಿಂತಾಮಣಿಯ ಹೊಸ ಬಡಾವಣೆಗಳಲ್ಲಿ ಬೂದಿ ಬಣ್ಣದ ಹಗುರ ಬ್ಲಾಕಿನ ಗೋಡೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗಳಿಗೆ ಗಟ್ಟಿ ಸಿಮೆಂಟ್ ಬ್ಲಾಕು. ಅಲ್ಲಿ ಹುಳುಗಳನ್ನು ಕೊಲ್ಲುವ ಊಜಿ ನೊಣ ನುಸುಳದಂತೆ ಬಾಗಿಲು ಬಿಗಿಯಾಗಿ ಕೂರಬೇಕು. ನಮ್ಮ ಕಡೆ ಬೆಟ್ಟದ ಬುಡದ ಊರುಗಳಲ್ಲಿ ಕಲ್ಲು. ಗೌರಿಬಿದನೂರು ದಾಟಿ ಆಂಧ್ರದ ಗಡಿಯತ್ತ ಹೋದರೆ ಈಗಲೂ ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆಗಳಿವೆ. ಈ ನಾಲ್ಕೂ ಒಂದೇ ಮನೆಯಲ್ಲಿ ಸಿಕ್ಕಿದ್ದು ನನಗೆ ಒಮ್ಮೆ ಮಾತ್ರ.

ಆ ಮನೆ ನಗರಗೆರೆಯಿಂದ ಇನ್ನಷ್ಟು ಒಳಗೆ ಇತ್ತು. ಮನೆಯ ಯಜಮಾನ ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವವನು, ಊರಿನಲ್ಲಿ ಸ್ವಲ್ಪ ಹೊಲವೂ ಉಂಟು. ಒಂದು ದಿನ ಶೆಡ್ಡಿಗೆ ಬಂದು, ಮನೆಯ ಬಾಗಿಲುಗಳನ್ನೆಲ್ಲ ಅಗಲ ಮಾಡಿ ಉಕ್ಕಿನ ಚೌಕಟ್ಟು ಇಡಬೇಕು ಅಂದ. ಅವನ ಹೆಂಡತಿ ಸರ್ಕಾರಿ ಶಾಲೆಯ ಟೀಚರು. ಶಾಲೆಯಿಂದ ಬರುವಾಗ ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಗಾಲಿಕುರ್ಚಿ ತಂದಿದ್ದರು. ಆದರೆ ಅದು ಆಕೆಯ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ, ಯಾವ ಬಾಗಿಲೂ ಅದಕ್ಕೆ ಸಾಲುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಗಂಡ ಎತ್ತಿಕೊಂಡೇ ಹೋಗಬೇಕು.

ಅಲೀಪುರದ ಗಾರೆಯವರೊಬ್ಬರು ಆಗ ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದರು. ನಾನು ಅವರನ್ನು ಭಾಯ್ ಅನ್ನುತ್ತಿದ್ದೆ. ನನಗಿಂತ ದೊಡ್ಡವರು, ಮಂಡಿ ನೋವಿನವರು. ಚೌಕಟ್ಟು ನನ್ನದು, ಅದರ ಸುತ್ತಲಿನ ಗಾರೆ ಅವರದು. ಇಬ್ಬರೂ ಹೋಗಿ ಮನೆ ನೋಡಿದೆವು. ನಡುಮನೆ ತಾತನ ಕಾಲದ್ದು, ಮಣ್ಣಿನ ಗೋಡೆ. ಅದರ ಆಚೆಗೆ ಟೀಚರ ಕೋಣೆ. ಮುಂದಿನ ಕೋಣೆಯನ್ನು ಯಜಮಾನನ ಅಪ್ಪ ಕಲ್ಲಿನಲ್ಲಿ ಕಟ್ಟಿಸಿದ್ದರು. ಅಡುಗೆಮನೆ ಸಿಮೆಂಟ್ ಬ್ಲಾಕಿನದು. ಅಡುಗೆಮನೆಗೆ ಅಂಟಿಕೊಂಡ ಬಚ್ಚಲು ಹಗುರ ಬ್ಲಾಕಿನದು, ಟೀಚರಿಗೆ ಪೆಟ್ಟಾದ ಮೇಲೆ ಅವರಿಗಾಗಿಯೇ ಕಟ್ಟಿದ್ದು. ಅದರ ಬಾಗಿಲೂ ಕಿರಿದೇ. ಕುರ್ಚಿಯ ಅಗಲ ಅಳೆಯಬೇಕೆಂದು ಕಟ್ಟಿದವರಿಗಾಗಲಿ ಕಟ್ಟಿಸಿದವರಿಗಾಗಲಿ ತೋಚಿರಲಿಲ್ಲ.

ಕುರ್ಚಿ ಹೋಗಬೇಕಾದರೆ ಹೊಸ್ತಿಲುಗಳನ್ನೂ ತೆಗೆಯಬೇಕು ಎಂದು ನಾನು ಹೇಳಿದೆ. ಒಳಗಿನ ಬಾಗಿಲುಗಳಿಗೆ ಯಾರೂ ಏನೂ ಅನ್ನಲಿಲ್ಲ. ಮುಂಬಾಗಿಲಿನ ಹತ್ತಿರ ಬಂದಾಗ ಟೀಚರ ಅತ್ತೆ ಅಡ್ಡ ನಿಂತರು. ಅರಿಶಿನ ಬಳಿದು ಬಳಿದು ಹಳದಿ ಹಿಡಿದಿದ್ದ ಕಲ್ಲಿನ ಹೊಸ್ತಿಲು ಅದು. ಆಕೆ ಆ ಮನೆಗೆ ಸೊಸೆಯಾಗಿ ಬಂದಾಗ ಸೇರಕ್ಕಿ ಒದ್ದು ಒಳಗೆ ಬಂದದ್ದು ಅದರ ಮೇಲೆಯೇ.

"ಹೊಸಲಿಲ್ದಿದ್ರೆ ಅದು ಮನೆ ಎಂಗಾಗ್ತದೆ ನಾಯನಾ? ಕೊಟ್ಗೆಗಿಲ್ವಲ್ಲ ಹೊಸಲು, ಅಂಗಾಗ್ತದೆ," ಅಂದರು.

ಮಗ ನೆಲ ನೋಡಿಕೊಂಡು ನಿಂತ. ಟೀಚರು ಒಳಗಿನ ಕೋಣೆಯಲ್ಲಿದ್ದರು. ಕೇಳಿಸಿರಬೇಕು. ಮುಂಬಾಗಿಲನ್ನು ಕೊನೆಗೆ ನೋಡೋಣ ಎಂದು ಹೇಳಿ ನಾವು ಹಿಂದಿನಿಂದ ಕೆಲಸ ಶುರುಮಾಡಿದೆವು.

ಬಚ್ಚಲಿನ ಗೋಡೆ ನನ್ನನ್ನು ಮೊದಲ ದಿನವೇ ದಣಿಸಿತು. ಹಗುರ ಬ್ಲಾಕಿಗೆ ಮಾಮೂಲಿ ಬೋಲ್ಟ್ ಹಾಕಿದರೆ ಸುಮ್ಮನೆ ತಿರುಗುತ್ತದೆ, ಸುತ್ತ ಪುಡಿ ಉದುರುತ್ತದೆ, ಹಿಡಿತವೇ ಸಿಗುವುದಿಲ್ಲ. ಭಾಯ್ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ, "ತಮ್ಮಾ, ಇದು ಗೋಡೆ ಅಲ್ಲ, ರಸ್ಕು," ಅಂದರು. ಉದ್ದನೆಯ ತಿರುಪು, ಅದಕ್ಕೆ ಪ್ಲಾಸ್ಟಿಕ್ಕಿನ ಉದ್ದ ಪ್ಲಗ್ಗು ಹಾಕಿ, ಮಿಷನ್ನು ಬಿಟ್ಟು ಕೈಯಿಂದಲೇ ಬಿಗಿಯಬೇಕು. ಒಂದು ಸುತ್ತು ಹೆಚ್ಚಾದರೆ ಬ್ಲಾಕು ಸೀಳುತ್ತದೆ. ಅಡುಗೆಮನೆಯದು ಸುಲಭದ ಕೆಲಸ. ಚೌಕಟ್ಟಿನ ಬೆನ್ನಿಗೆ ಬೆಸೆದ ಪಟ್ಟಿಗಳು ತುದಿಯಲ್ಲಿ ಮೀನಿನ ಬಾಲದಂತೆ ಸೀಳಿರುತ್ತವೆ. ಗೋಡೆಯಲ್ಲಿ ಗೂಡು ಒಡೆದು, ಆ ಪಟ್ಟಿಗಳನ್ನು ಒಳಗೆ ಬಿಟ್ಟು ಕಾಂಕ್ರೀಟು ತುಂಬಿದರೆ ಆಯಿತು. ಚೌಕಟ್ಟಿನ ಟೊಳ್ಳಿಗೂ ಗಾರೆ ತುಂಬಬೇಕು, ಇಲ್ಲದಿದ್ದರೆ ಬಾಗಿಲು ಹಾಕಿದಾಗಲೆಲ್ಲ ಡಬ್ಬದ ಸದ್ದು ಬರುತ್ತದೆ. ತುಂಬುವಾಗ ಗಾರೆಯ ಭಾರಕ್ಕೆ ನಡು ಒಳಗೆ ಉಬ್ಬದಂತೆ ಅಡ್ಡಕ್ಕೆ ಮರದ ತುಂಡು ಕೊಡುತ್ತೇವೆ. ಇದನ್ನೆಲ್ಲ ನಾನು ಯೋಚಿಸದೇ ಮಾಡುತ್ತೇನೆ. ಯೋಚನೆ ಬರುವುದು ಊಟಕ್ಕೆ ಕೂತಾಗ. ನಾಳೆಯೂ ಇದೇ ಎನ್ನಿಸುತ್ತದೆ.

ಮಣ್ಣಿನ ಗೋಡೆಯ ಸರದಿ ಬಂದ ದಿನ, ಯಜಮಾನ ಕೆಲಸಕ್ಕೆ ಹೊರಡುವ ಮೊದಲು ಹೆಂಡತಿಯನ್ನು ಜಗಲಿಯಲ್ಲಿ ಕೂರಿಸಿ ಹೋಗಲಿ ಎಂದು ನಾನು ಹೇಳಿದ್ದೆ. ಆಕೆ ಒಪ್ಪಲಿಲ್ಲ. ಸಂಜೆಯವರೆಗೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು ನಿಂತು ವಿಚಾರಿಸುತ್ತಾರೆ, ಅದಕ್ಕಿಂತ ಧೂಳೇ ವಾಸಿ ಅಂದರಂತೆ. ಕುರ್ಚಿಯನ್ನು ಕೋಣೆಯ ಆ ತುದಿಗೆ, ಕಿಟಕಿಯ ಪಕ್ಕ ಇಟ್ಟು ಆತ ಬಸ್ಸಿಗೆ ಓಡಿದ.

ನಾವು ಆಕೆಯ ಕೋಣೆಯ ಬಾಗಿಲ ಮೇಲಿನ ಗೋಡೆಗೆ ಸರ್ವೆ ಮರದ ಕಂಬಗಳ ಆಸರೆ ಕೊಟ್ಟು, ಹಳೆಯ ಮರದ ತೊಲೆಯನ್ನು ನಿಧಾನವಾಗಿ ಸಡಿಲಿಸಿದೆವು. ಹೊರಗಿನಿಂದ ತೊಲೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಒಳಗೆ ಗೆದ್ದಲು ತಿಂದು ಬರೀ ಸಿಪ್ಪೆ ಉಳಿದಿತ್ತು. ನಾನು ಹಿಡಿದ ಕಡೆಯೇ ಅದು ಮುರಿಯಿತು. ಮೇಲಿನ ಮಣ್ಣು ಒಂದೇ ಸಲಕ್ಕೆ ಕುಸಿಯಿತು. ಭಾಯ್ ನನ್ನ ಅಂಗಿಯ ಬೆನ್ನು ಹಿಡಿದು ಹಿಂದಕ್ಕೆ ಎಳೆದರು. ಧೂಳು ಸ್ವಲ್ಪ ಇಳಿದಾಗ ನೋಡಿದರೆ ಬಾಗಿಲ ಜಾಗದಲ್ಲಿ ಎದೆಯೆತ್ತರಕ್ಕೆ ಮಣ್ಣು, ಅದರ ಮೇಲೆ ಅಡ್ಡಬಿದ್ದ ಕಂಬಗಳು. ಕೋಣೆಗೆ ಬೇರೆ ಬಾಗಿಲಿಲ್ಲ.

ನಾನು ಟೀಚರನ್ನು ಕೂಗಿದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಆಮೇಲೆ ಕೆಮ್ಮು ಕೇಳಿಸಿತು. "ಏನೂ ಆಗಿಲ್ಲ, ಧೂಳು ಅಷ್ಟೆ," ಅಂದರು.

ಮೇಲೆ ಇನ್ನೂ ಮಣ್ಣು ಜೋತುಬಿದ್ದಿತ್ತು. ಅವಸರ ಮಾಡುವ ಹಾಗಿರಲಿಲ್ಲ. ಮೊದಲು ಅದಕ್ಕೆ ಆಸರೆ ಕೊಟ್ಟು, ಆಮೇಲೆ ಕೆಳಗಿನ ಮಣ್ಣನ್ನು ಬಾಣಲಿಯಲ್ಲಿ ತುಂಬಿ ತುಂಬಿ ಹೊರಗೆ ಹಾಕಬೇಕು. ಅತ್ತೆ ಹಿತ್ತಲಿನಿಂದ ಓಡಿಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಚೊಂಬಿನಲ್ಲಿ ನೀರು ತೆಗೆದುಕೊಂಡು ಮನೆ ಸುತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಅತ್ತಲಿನ ಮಾತು ನನಗೆ ಮಣ್ಣಿನ ರಾಶಿಯ ಮೇಲಿನ ಸಂದಿಯಿಂದ ಕೇಳಿಸುತ್ತಿತ್ತು. ಸೊಸೆ ಕಂಬಿಗಳ ನಡುವೆ ಚೊಂಬು ಇಸಿದುಕೊಂಡು ಬಾಯಿ ಮುಕ್ಕಳಿಸಿ ಉಗುಳಿ, ಚೊಂಬನ್ನು ವಾಪಸು ಕೊಟ್ಟಿರಬೇಕು.

"ಕುಡಿಯಮ್ಮ, ಗಂಟ್ಲೆಲ್ಲ ಮಣ್ಣಾಗದೆ," ಅಂದರು ಅತ್ತೆ.

"ಬೇಡತ್ತೆ. ಅವ್ರು ಬರೋದು ಸಂಜೆ."

"ಅವ್ನು ಬರೋದ್ಕೂ ನೀರ್ಗೂ ಏನಮ್ಮ?"

ಟೀಚರು, ಪಾಠ ಹೇಳುವಂಥ ಸಮಾಧಾನದ ದನಿಯಲ್ಲಿ, "ಕುಡಿದ್ರೆ ಬಚ್ಚಲಿಗೆ ಹೋಗ್ಬೇಕಾಗುತ್ತಲ್ಲ ಅತ್ತೆ. ಎತ್ಕೊಂಡು ಹೋಗೋಕೆ ಅವ್ರು ಇರಬೇಕು. ಅದಕ್ಕೆ ಅವ್ರು ಶಿಫ್ಟಿಗೆ ಹೋದ ಮೇಲೆ ನಾನು ನೀರು ಕುಡಿಯಲ್ಲ," ಅಂದರು.

ಭಾಯ್ ಕೈಯಲ್ಲಿದ್ದ ಬಾಣಲಿ ಕೆಳಗಿಟ್ಟರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಧ್ಯಾಹ್ನ ಸೊಸೆ ಒಂದೊಂದು ದಿನ ಸಾರು ಬೇಡ, ಮಜ್ಜಿಗೆ ಬೇಡ ಅನ್ನುವುದನ್ನು ಅತ್ತೆ ಸೊಕ್ಕು ಅಂದುಕೊಂಡಿದ್ದರಂತೆ. ಇದನ್ನು ಆಕೆಯೇ ಆಮೇಲೆ ನನಗೆ ಹೇಳಿದರು. ಒಂದೇ ಮನೆಯಲ್ಲಿದ್ದುಕೊಂಡು, ದಿನವೂ ತಟ್ಟೆ ಕೊಂಡೊಯ್ದು ಇಟ್ಟವರಿಗೂ ಅದು ಗೊತ್ತಾಗಿರಲಿಲ್ಲ.

ಆಕೆ ಒಳಗೆ ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಣಲಿ ಹಿಡಿದರು. ಬೇಡ ಅಂದರೆ ಕೇಳಲಿಲ್ಲ. ನಾವು ತುಂಬಿಕೊಟ್ಟದ್ದನ್ನು ಹೊತ್ತು ಹೊತ್ತು ಹಿತ್ತಲಿಗೆ ಹಾಕಿದರು. ಮಣ್ಣಿನ ರಾಶಿ ಮಂಡಿಯಷ್ಟಕ್ಕೆ ಇಳಿದಾಗ ಅದನ್ನು ಹತ್ತಿ ದಾಟಿ ಒಳಗೆ ಹೋದರು, ಒಂದು ಬಕೆಟ್ಟನ್ನೂ ಹಳೆಯ ಸೀರೆಯೊಂದನ್ನೂ ತೆಗೆದುಕೊಂಡು. ನಾನೂ ಭಾಯಿಯೂ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತೆವು. ಅವರು ಕರೆಯುವ ತನಕ ಒಳಗೆ ಹೋಗಲಿಲ್ಲ.

ಸಂಜೆ ಮಗ ಬಂದು ಕುಸಿದ ಗೋಡೆ ನೋಡಿ ಬೆಪ್ಪಾಗಿ ನಿಂತ. ಅವನು ಬಾಯಿ ತೆರೆಯುವ ಮೊದಲೇ ತಾಯಿ ನನ್ನ ಕಡೆ ತಿರುಗಿದರು.

"ಮುಂಬಾಗ್ಲು ಹೊಸಲು ನೆಲದೊಳಕ್ಕೆ ಇಳಿಸ್ಬಿಡಪ್ಪ. ಅರಿಶಿಣ ನಾನು ನೆಲಕ್ಕೇ ಹಚ್ಕೊಂತೀನಿ."

ಮಣ್ಣಿನ ಗೋಡೆಗೆ ಮತ್ತೆ ಒಂದು ವಾರ ಹಿಡಿಯಿತು. ಮಣ್ಣು ಬೋಲ್ಟನ್ನು ಹಿಡಿಯುವುದಿಲ್ಲ. ಎರಡೂ ಬದಿಗೆ ಕಂಬಿ ಕಟ್ಟಿ ಕಾಂಕ್ರೀಟಿನ ಕಂಬ ನಿಲ್ಲಿಸಿ, ಮೇಲೆ ಹೊಸ ತೊಲೆ ಹಾಕಿ, ಆ ಕಂಬಗಳಿಗೆ ಚೌಕಟ್ಟನ್ನು ಬಿಗಿದೆವು. ಕಂಬ ಗೋಡೆಯಿಂದ ಬೇರ್ಪಡದಂತೆ ಉದ್ದದ ಸರಳುಗಳನ್ನು ಮಣ್ಣಿನೊಳಗಿಂದ ಹಾಯಿಸಿ ಆ ತುದಿಯಲ್ಲಿ ಕಬ್ಬಿಣದ ಬಿಲ್ಲೆ ಕೊಟ್ಟು ತಿರುಪಿದೆವು. ಚೌಕಟ್ಟು ಓರೆಯಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುವಾಗ ಟೀಚರು ಒಳಗಿನಿಂದ, ಅದರೊಳಗಿನ ಗುಳ್ಳೆ ಎಡಕ್ಕಿದೆ ಅನ್ನುತ್ತಿದ್ದರು. ಅವರ ಕಣ್ಣು ಚುರುಕು. ನನ್ನ ಕಣ್ಣಿಗೆ ಅಷ್ಟು ಹೊತ್ತಿಗೆ ಗುಳ್ಳೆ ಎರಡಾಗಿ ಕಾಣುತ್ತಿತ್ತು.

ಕಲ್ಲಿನ ಗೋಡೆ ಉಳಿದಿದ್ದ ಶಕ್ತಿಯನ್ನೆಲ್ಲ ತಿಂದಿತು. ಕಲ್ಲುಗಳ ಸಂದಿಯಲ್ಲಿ ಕೊರೆಯುವುದು ಸುಲಭ, ಆದರೆ ಬೋಲ್ಟ್ ನಿಲ್ಲುವುದಿಲ್ಲ. ಕಲ್ಲಿನ ಮೈಯಲ್ಲೇ ಕೊರೆಯಬೇಕು. ಮಿಷನ್ನು ಒದ್ದಾಗಲೆಲ್ಲ ಭುಜದ ಕೀಲಿನಲ್ಲಿ ಏನೋ ಕಳಚಿದ ಹಾಗಾಗುತ್ತಿತ್ತು. ಭುಜದ ನೋವು ನನಗೆ ಪೂರ್ತಿ ಅಂಟಿಕೊಂಡದ್ದು ಆ ಬಾಗಿಲಿನಿಂದಲೇ ಇರಬೇಕು. ಹಳೆಯ ಹೊಸ್ತಿಲನ್ನು ಭಾಯ್ ಉಳಿಯಿಂದ ಬಿಡಿಸಿ, ನೆಲ ಅಗೆದು, ಮೇಲ್ಮೈ ನೆಲದ ಸಮಕ್ಕೆ ಬರುವಂತೆ ಅದನ್ನೇ ಹೂತರು. ಅತ್ತೆ ಪಕ್ಕದಲ್ಲಿ ಕೂತು ನೋಡಿದರು. ಗಾರೆ ಎಳೆದು ಮುಗಿದ ಮೇಲೆ ಸ್ವಲ್ಪ ಹೊತ್ತು ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದರು.

ಗಾರೆ ಒಣಗಿದ ಮೇಲೆ ಅಡ್ಡ ತುಂಡುಗಳನ್ನು ತೆಗೆಯಲು ನಾನೊಬ್ಬನೇ ಹೋದೆ. ಭಾಯ್‌ಗೆ ಮಂಡಿ ಊದಿತ್ತು. ಕೊನೆಯ ತುಂಡು ತೆಗೆದು ಬದಿಗೆ ಸರಿದಾಗ ಟೀಚರು ಗಾಲಿ ತಿರುಗಿಸಿಕೊಂಡು ಕೋಣೆಯಿಂದ ನಡುಮನೆಗೆ, ಅಲ್ಲಿಂದ ಅಡುಗೆಮನೆಗೆ, ಬಚ್ಚಲಿನವರೆಗೆ ಹೋಗಿ ಬಂದರು. ಒಂದು ತಿರುವಿನಲ್ಲಿ ಗಾಲಿ ಚೌಕಟ್ಟಿಗೆ ತಾಗಿ ಬಣ್ಣ ಕಿತ್ತುಬಂತು. ಮತ್ತೆ ಬಳಿದರಾಯಿತು ಅಂದೆ. ಆಮೇಲೆ ಅವರು ಮುಂಬಾಗಿಲು ದಾಟಿ ಜಗಲಿಗೆ ಹೋದರು. ಹೊಸ್ತಿಲ ಮುಂದಿನ ರಂಗೋಲಿಯನ್ನು ಗಾಲಿ ಅಳಿಸಿತೆಂದು ಅತ್ತೆ ಗೊಣಗಿದರು, ಗೊಣಗುತ್ತಲೇ ಕಾಫಿ ತಂದರು. ನನಗೆ ನಿದ್ದೆ ಎಳೆಯುತ್ತಿತ್ತು.

ಭಾಯ್ ಆ ಮಳೆಗಾಲದ ನಂತರ ಕೆಲಸ ಬಿಟ್ಟರು. ನಾನು ಸಿಕ್ಕಿದವರನ್ನು ಕರೆದುಕೊಂಡು ಚಿಂತಾಮಣಿ, ಶಿಡ್ಲಘಟ್ಟ ಎಂದು ಓಡಾಡುತ್ತೇನೆ. ಈಚೆಗೆ ಟೀಚರು ಫೋನ್ ಮಾಡಿದರು. ಶಾಲೆಗೆ ಮತ್ತೆ ಹೋಗುತ್ತಿದ್ದಾರಂತೆ, ಗಂಡ ಆಟೋದಲ್ಲಿ ಬಿಟ್ಟು ಹೋಗುತ್ತಾನೆ. ತರಗತಿಯ ಬಾಗಿಲು ಕಿರಿದು. ಬಂದು ನೋಡಿ ಅಂದರು. ಹೋದಾಗ ಅವರು ವರಾಂಡದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು. ಗೋಡೆ ಗಟ್ಟಿ ಬ್ಲಾಕಿನದು, ಅರ್ಧ ದಿನದ ಕೆಲಸ. ಆದರೆ ಗೋಡೆ ಒಡೆಯಲು ಮೇಲಿನವರ ಅನುಮತಿ ಬರಬೇಕು, ಬರೆದಿದ್ದೇವೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಅವರೂ ದಣಿದವರಂತೆಯೇ ಕಂಡರು.

ಅಳತೆ ತೆಗೆದುಕೊಂಡು ಬಂದೆ. ಅನುಮತಿ ಇನ್ನೂ ಬಂದಿಲ್ಲ. ಚೌಕಟ್ಟನ್ನು ಮಾತ್ರ ಮಾಡಿ ಶೆಡ್ಡಿನ ಮೂಲೆಯಲ್ಲಿ ಇಟ್ಟಿದ್ದೇನೆ. ಅಗಲವಾದ ಚೌಕಟ್ಟು ಬೇಕೆಂದು ಬಂದ ಒಬ್ಬರಿಬ್ಬರು ಅದನ್ನು ಕೇಳಿದರು. ಅದು ಬೇರೆಯವರದು ಅಂದೆ.